ಅಲ್ಲಿ ಒಬ್ಬ ಮೇಸ್ತ್ರಿನೂ ಇಲ್ಯನ?

ಹೋದ ಭಾನುವಾರ ಡೆನ್ವರ್‌ನ ನಮ್ಮ ಗ್ಯಾರೇಜಿನಿಂದ ಶಿರಸಿಗೆ ವಿಡಿಯೋ ಕಾಲ್ ಮಾಡಿ, ಬಿಚ್ಚಿ ಹರವಿಕೊಂಡಿದ್ದ, ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಗಾಲಿಗಳಿಗೆ ಹಂಚುವ ಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸನ್ನು ಅಪ್ಪಯ್ಯನಿಗೆ ತೋರಿಸಿದೆ. ಅಪ್ಪಯ್ಯ ಗೇರು ನೋಡಲಿಲ್ಲ, ನನ್ನ ಕೈ ನೋಡಿದ. "ಅಲ್ಲಿ ಒಬ್ಬ ಮೇಸ್ತ್ರಿನೂ ಇಲ್ಯನ ತಮಾ?" ಅಂದ. ಮೇಸ್ತ್ರಿ ಅಂದರೆ ನಮ್ಮಲ್ಲಿ ಗಾಡಿ ರಿಪೇರಿ ಮಾಡುವವ. ಬೈದಿದ್ದರೆ ಸುಮ್ಮನಿರುತ್ತಿದ್ದೆ. ಅವನ ದನಿಯಲ್ಲಿದ್ದ ಕನಿಕರ ಚುಚ್ಚಿತು.

ನನ್ನ ಹಳೆಯ ಪಿಕಪ್‌ನಲ್ಲಿರುವುದು ಎನ್‌ಪಿ 231 ಎಂಬ ಮಾದರಿಯ ಪೆಟ್ಟಿಗೆ. ಹಿಮದ ಏರಿನಲ್ಲಿ ಫೋರ್ ವೀಲ್ ಹಾಕಿ ಆಕ್ಸಿಲರೇಟರ್ ಒತ್ತಿದರೆ ಅಡಿಯಿಂದ ಟಕ್ ಟಕ್ ಸದ್ದು. ಒಳಗಿನ ಚೈನು ಸವೆದು ಸಡಿಲಾಗಿ ಗಾಲಿಯ ಹಲ್ಲು ತಪ್ಪಿ ಹಾರುತ್ತಿತ್ತು. ಇದರಲ್ಲಿ ಮುಂದಿನ ಹಿಂದಿನ ಗಾಲಿಗಳ ನಡುವೆ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಒಣ ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡೇ ತಿರುವು ತೆಗೆದುಕೊಂಡರೆ ಮುಂದಿನ ಗಾಲಿಗೆ ಹೆಚ್ಚು ದಾರಿ ಓಡಬೇಕು, ಓಡಲು ಬಿಡುವುದಿಲ್ಲ. ಆ ಜಗ್ಗಾಟವೆಲ್ಲ ಚೈನಿನ ಮೇಲೆ. ಹೊಸ ಚೈನು, ಬೇರಿಂಗು, ಸೀಲು, ಫೋರ್ಕಿನ ಪ್ಲಾಸ್ಟಿಕ್ ಪ್ಯಾಡು ತರಿಸಿದೆ. ಒಂದು ಸ್ನ್ಯಾಪ್ ರಿಂಗ್ ಅರ್ಧ ದಿನ ತಿಂದಿತು. ಪೆಟ್ಟಿಗೆ ಇಳಿಸಲು ಜಾಕ್ ಕೊಟ್ಟವರು ಪಕ್ಕದ ಮನೆಯ ನಿವೃತ್ತ ದಂತವೈದ್ಯರು. ಎಪ್ಪತ್ತು ದಾಟಿದವರು, ತಾವೇ ಟ್ರಕ್ಕಿನ ಅಡಿಗೆ ಮಲಗಿ ಡ್ರೈವ್‌ಶಾಫ್ಟಿನ ಬೋಲ್ಟು ಬಿಚ್ಚಿಕೊಟ್ಟರು. ಅವರ ಮನೆಯಲ್ಲಿ ಯಾರೂ ಅಯ್ಯೋ ಪಾಪ ಅನ್ನಲಿಲ್ಲ.

ನಮ್ಮ ಮನೆಯ ಜೀಪು ನಾನು ಹುಟ್ಟುವ ಮೊದಲೇ ಬಂದದ್ದು. ಬೆಟ್ಟದ ಸೊಪ್ಪು, ಗೊಬ್ಬರ, ಅಡಿಕೆ ಗೊನೆ ಎಲ್ಲ ಹೊತ್ತಿದೆ. ಆಯುಧಪೂಜೆಗೆ ಅದಕ್ಕೆ ಹೂವು, ಕುಂಕುಮ, ಬಾಳೆಕಂಬ. ಆದರೆ ನಮ್ಮ ಮನೆಯ ಒಬ್ಬರೂ ಅದಕ್ಕೆ ಸ್ಪ್ಯಾನರ್ ಹಚ್ಚಿದವರಲ್ಲ. ಮೇಸ್ತ್ರಿ ಅಡಿಗೆ ಮಲಗಿದರೆ ನಾವು ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಕೂರುವವರು. ಕೊಟ್ಟಿಗೆಯ ಸಗಣಿಗೆ ನಾಚದ, ಮೈಲುತುತ್ತ ಕದಡಿ ಕೈ ನೀಲಿ ಮಾಡಿಕೊಳ್ಳುವ ಅಪ್ಪಯ್ಯನಿಗೆ ಗ್ರೀಸು ಮಾತ್ರ, ಓದಿದ ಮಗನಿಗೆ ತಕ್ಕದ್ದಲ್ಲ. ಇದು ನನಗೆ ಸಹಿಸದು. ನಮ್ಮ ಬದುಕು ಹೊತ್ತ ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂದು ನಮಗೇ ಗೊತ್ತಿರಲಿಲ್ಲ.

ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಒಂದು ಮಳೆಗಾಲ ದೇವಿಮನೆ ಘಾಟಿಯಲ್ಲಿ ಅದೇ ಜೀಪು ಕೂಗತೊಡಗಿತು. ಮೇಸ್ತ್ರಿ ಮನೆಗೇ ಬಂದರು. ಸ್ಕ್ರೂಡ್ರೈವರ್‌ನ ಹಿಡಿಕೆ ಕಿವಿಗೊತ್ತಿ, ತುದಿ ಪೆಟ್ಟಿಗೆಗಿಟ್ಟು, "ನಡುವಿನ ಗೇರು" ಎಂದರು. ಅದರಲ್ಲಿ ಚೈನಿಲ್ಲ, ಪೂರ್ತಿ ಗೇರುಗಳೇ. ಅಂಗಳದ ಅಡಿಕೆ ಚಾಪೆಯ ಮೇಲೆ ಕೂತು ಸೂಜಿಯಂಥ ರೋಲರ್‌ಗಳನ್ನು ಒಂದೊಂದಾಗಿ ಗ್ರೀಸಿಗೆ ಅಂಟಿಸಿದರು, ಆಯಿ ಹೂ ಕಟ್ಟುವಷ್ಟು ಸಲೀಸಾಗಿ. ಸಂಜೆಯೊಳಗೆ ಜೀಪು ಹೊರಟಿತು. ನನಗೆ ಪುಸ್ತಕ, ಫೋನು ಎಲ್ಲ ಇದ್ದೂ ಮೂರು ವಾರ ಹಿಡಿಯಿತು. ಅವರಿಗೆ ಆಯಿ ಎರಡು ಸಲ ಕುಡಿಯಲು ಆಸರಿಗೆ ಕೊಟ್ಟಿದ್ದಳು. ಇಲ್ಲಿ ಕೊನೆಯ ಬೋಲ್ಟು ಬಿಗಿದು ಕೆಂಪು ಎಣ್ಣೆ ಒಂದು ಲೀಟರಿನಷ್ಟು ತುಂಬುವಾಗ ರಾತ್ರಿ ಹನ್ನೊಂದು, ಮನೆಯವರೆಲ್ಲ ಮಲಗಿದ್ದರು.

ಈಗ ಟ್ರಕ್ಕಿನ ಸದ್ದು ನಿಂತಿದೆ. ಜೀಪಿನದ್ದು ಮತ್ತೆ ಶುರುವಾಗಿದೆಯಂತೆ. ಮೇಸ್ತ್ರಿಯನ್ನು ಈಗಲೇ ಕರೆಸಬೇಡ, ಮೇ ತಿಂಗಳಲ್ಲಿ ನಾನು ಬಂದ ಮೇಲೆ ಕರೆಸು, ಅವರ ಪಕ್ಕ ಚಾಪೆಯ ಮೇಲೆ ನಾನೂ ಕೂರಬೇಕು ಎಂದು ಅಪ್ಪಯ್ಯನಿಗೆ ಹೇಳಿದ್ದೇನೆ.