ತಲೆ ಬೇಡ್ವಾ?

ದೊಡ್ಡ ಅಂಜಲ್ ಕತ್ತರಿಸುವಾಗ ಮೀನು ಮಾರುವ ಅಕ್ಕ ಒಂದು ಮಾತು ಕೇಳೇ ಕೇಳುತ್ತಾರೆ: "ತಲೆ ಬೇಡ್ವಾ?" ಬೇಡ ಅನ್ನುವವರೇ ಜಾಸ್ತಿ. ಅವರಿಗೆ ಬೇಕಾದದ್ದು ತವಾ ಫ್ರೈಗೆ ದುಂಡಗಿನ ತುಂಡು. ಮುಳ್ಳು ಕಡಿಮೆ, ರಗಳೆಯಿಲ್ಲ. ಹಾಗಾಗಿ ತಲೆ ಕಡಿಮೆ ದುಡ್ಡಿಗೆ ನನ್ನ ಚೀಲಕ್ಕೆ ಬೀಳುತ್ತದೆ, ಗಸಿಗೆ, ಅಂದರೆ ದಪ್ಪ ಮಸಾಲೆ ಸಾರಿಗೆ. ಮುರುಮೀನಿನ ತಲೆ ಸಿಕ್ಕಿದರೆ ಇನ್ನೂ ಒಳ್ಳೇದು, ಮಾಂಸ ತುಂಬಿಕೊಂಡಿರುತ್ತದೆ. ಜೂನ್, ಜುಲೈಯಲ್ಲಿ ಮಾತ್ರ ಈ ಆಟ ನಡೆಯುವುದಿಲ್ಲ. ಯಾಂತ್ರಿಕ ದೋಣಿಗಳು 61 ದಿನ ಕಡಲಿಗಿಳಿಯುವಂತಿಲ್ಲ, ಆಗ ತಲೆಗೂ ತಲೆಯೆತ್ತುವಷ್ಟು ರೇಟು.

ಕೊಳ್ಳುವ ಮೊದಲು ಕಿವಿರು ಎತ್ತಿ ನೋಡಬೇಕು. ಕೆಂಪಗಿದ್ದರೆ ಸರಿ, ಕಂದಿದ್ದರೆ ಸುಮ್ನೆ ಮುಂದೆ ಹೋಗಿ. ತಂದ ಮೇಲೆ ಮೊದಲು ಕಿತ್ತೆಸೆಯುವುದೂ ಅದನ್ನೇ, ಉಳಿದರೆ ಗಸಿ ಕಹಿ. ತಲೆ ಸೀಳುವ ಕೆಲಸ ಅಕ್ಕನ ಕತ್ತಿಗೇ ಬಿಡಿ. ಮನೆಯ ಚಾಕುವಿಗೆ ಆ ಎಲುಬು ಜಗ್ಗುವುದಿಲ್ಲ.

ಮಸಾಲೆ ಮಾಮೂಲಿನದೇ. ಬ್ಯಾಡಗಿ ಮೆಣಸು, ಕೊತ್ತಂಬರಿ, ಚೂರು ಜೀರಿಗೆ, ನಾಲ್ಕು ಕಾಳು ಮೆಂತೆ ಹುರಿದು, ಕಾಯಿತುರಿ, ಹುಣಸೆಹುಳಿ ಹಾಕಿ ನುಣ್ಣಗೆ ಅರೆದದ್ದು. ಮಣ್ಣಿನ ಪಾತ್ರೆಯಲ್ಲಿ ಅದು ಚೆನ್ನಾಗಿ ಕುದಿದ ಮೇಲೆ ತಲೆ ಇಳಿಸಬೇಕು. ಆಮೇಲೆ ಸೌಟು ಹಾಕಬಾರದು. ಬಟ್ಟೆಯಲ್ಲಿ ಪಾತ್ರೆ ಹಿಡಿದು ಮೆಲ್ಲಗೆ ಕುಲುಕಿದರೆ ಸಾಕು. ಚರ್ಮದ್ದು, ಎಲುಬಿನದ್ದು ಅಂಟೆಲ್ಲ ಇಳಿದು ಗಸಿ ದಪ್ಪಗಾಗುತ್ತದೆ, ಅಂಚಿನಲ್ಲಿ ಕೆಂಪು ಎಣ್ಣೆ ಬಿಡುತ್ತದೆ. ಬರೀ ತುಂಡು ಹಾಕಿದ ಗಸಿಗೆ ಈ ಗುಣ ಬರುವುದಿಲ್ಲ. ಕುಚಲಕ್ಕಿ ಅನ್ನಕ್ಕೆ ಇದಕ್ಕಿಂತ ಇನ್ನೇನು ಬೇಕು?

ಬಂಗಾಳಿಗಳು ಮೀನಿನ ತಲೆಯನ್ನು ಹೆಸರುಬೇಳೆಯ ಜೊತೆ ಬೇಯಿಸುತ್ತಾರೆ, ಮದುವೆ ಊಟಕ್ಕೂ ಬಡಿಸುತ್ತಾರೆ. ನಮ್ಮಲ್ಲಿ ನೆಂಟರ ಮುಂದೆ ಇಡುವುದಕ್ಕೆ ಯಾಕೋ ಸಂಕೋಚ. ಕೈಯೆಲ್ಲ ರಾಡಿಯಾಗುತ್ತದೆ, ಚೀಪುವ ಸದ್ದು ಬೇರೆ. ಮೊಬೈಲ್ ನೋಡುತ್ತಾ ತಿನ್ನುವ ಊಟವಂತೂ ಅಲ್ಲ. ಮುಳ್ಳು ಯಾವುದು, ಮಾಂಸ ಯಾವುದು ಅಂತ ನಾಲಿಗೆಯೇ ಹುಡುಕಬೇಕು. ಕಣ್ಣಿನ ಸುತ್ತ ಮೆತ್ತಗಿನ ಕೊಬ್ಬು, ದವಡೆಯ ಸಂದಿಯಲ್ಲಿ ಒಂದೆಳೆ. ಎಲ್ಲಕ್ಕಿಂತ ರುಚಿ ಕೆನ್ನೆ. ಬೆರಳಲ್ಲಿ ಮೀಟಿದರೆ ಒಂದೇ ತುಂಡಾಗಿ ಕಳಚಿ ಬರುತ್ತದೆ.

ತೊಂದರೆ ಏನೆಂದರೆ ಕೆನ್ನೆ ಇರುವುದು ಎರಡೇ, ಮನೆಯಲ್ಲಿ ಉಣ್ಣುವವರು ನಾಲ್ಕು ಜನ. ಅಡುಗೆ ಮಾಡಿದವರು ಬೆಂದಿದೆಯಾ ಅಂತ ನೋಡಲೇಬೇಕಲ್ವಾ? ಹಾಗಾಗಿ ಊಟದ ಹೊತ್ತಿಗೆ ಉಳಿದಿರುವುದು ಒಂದೇ.