ಒಳಗಿದ್ದರೆ ಗದ್ದಲ, ಹೊರಗಿದ್ದರೆ ಸಂಭ್ರಮ

ಕಲಬುರಗಿಯಲ್ಲಿ ಸ್ವಂತ ಮನೆಯಲ್ಲಿ, ಸ್ವಂತ ದುಡ್ಡಿನ ಸ್ಪೀಕರಿನಲ್ಲಿ ಒಂದು ತಾಸು ಸಂಗೀತ ಕೇಳಬೇಕಾದರೆ ಹೆಂಡತಿ, ಮಗಳು, ಅವ್ವ, ಪಕ್ಕದ ಮನೆಯ ಕಾಕಾ, ಮೇಲಿನ ಮನೆಯ ಬಾಡಿಗೆಯವರು, ಇಷ್ಟೂ ಮಂದಿಯ ಒಪ್ಪಿಗೆ ಬೇಕು. ಅದೇ ನಡುರಸ್ತೆಯಲ್ಲಿ ನಿಂತು ಇಡೀ ಬಡಾವಣೆಗೆ ಕೇಳಿಸಬೇಕಾದರೆ ಒಂದು ಟ್ರ್ಯಾಕ್ಟರ್, ಒಂದು ಜನರೇಟರ್, ಹಾರ ಹಾಕಿದ ಒಂದು ಫೋಟೊ ಸಾಕು. ಇಷ್ಟು ಸರಳ ವಿಷಯ ತಲೆಗೆ ಹೋಗದೆ ಮನೆಯಲ್ಲಿ ಆಂಪ್ಲಿಫೈಯರ್ ಇಟ್ಟುಕೊಂಡು ಕೂತಿರುವ ನನ್ನಂಥವರು ಊರಲ್ಲಿ ಒಂದಷ್ಟು ಜನ ಇದ್ದೇವೆ. ಹಗಲು ನೌಕರಿ, ಸಂಜೆ ಸಂಸಾರ, ನಡುವೆ ಎಲ್ಲಾದರೂ ಸಂದು ಸಿಕ್ಕರೆ ಮಲ್ಲಿಕಾರ್ಜುನ ಮನ್ಸೂರರ ಹಿಂದಿನ ತಂಬೂರಿಯ ನಾದ ಸರಿಯಾಗಿ ಕೇಳಬೇಕು ಅನ್ನೋದಷ್ಟೇ ನಮ್ಮ ಆಸೆ.

ಆ ಸಂದು ಸಿಗುವುದೇ ಇಲ್ಲ. ಬೆಳಗ್ಗೆ ಕಸದ ಗಾಡಿಯ ಹಾಡು. ಅದು ತಿರುವು ದಾಟುವಷ್ಟರಲ್ಲಿ ‘ಉಳ್ಳಾಗಡ್ಡಿ, ಬಟಾಟಿ’ ಅಂತ ರೆಕಾರ್ಡ್ ಮಾಡಿದ ದನಿ ಹೊತ್ತ ತಳ್ಳುಗಾಡಿ. ಅದರ ಬೆನ್ನಿಗೆ ನೀಟ್ ಕೋಚಿಂಗಿನ ಆಟೊ, ‘ಪ್ರವೇಶ ಆರಂಭ’ ಅನ್ನುತ್ತಾ. ಆಮೇಲೆ ಆಫೀಸು. ಸಂಜೆ ಬಂದರೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಅದರ ಬಗ್ಗೆ ತಕರಾರಿಲ್ಲ, ತಿನ್ನುವವನೂ ನಾನೇ. ಅವ್ವನ ಧಾರಾವಾಹಿ ಮುಗಿಯಿತು ಅನ್ನುವಾಗ ಮಗಳು ಪುಸ್ತಕ ಹಿಡಿಯುತ್ತಾಳೆ. ಪಿಯುಸಿ ಎರಡನೇ ವರ್ಷ. ಕಲಬುರಗಿಯಲ್ಲಿ ಪಿಯುಸಿ ಓದುವ ಮಗು ಇರುವ ಮನೆಯಲ್ಲಿ ಒಗ್ಗರಣೆ ಕೂಡ ಮೆಲ್ಲಗೆ ಸಿಡಿಯಬೇಕು.

“ಅಕಿ ಓದ್ಲಾಕತ್ತಾಳ, ಅದನ್ನ ಬಂದ್ ಮಾಡ್ರಿ” ಅನ್ನುತ್ತಾಳೆ ನನ್ನ ಹೆಂಡತಿ. ಸರಿ, ಬಂದ್ ಮಾಡುತ್ತೇನೆ. ಬಂದ್ ಮಾಡಿದ ಕ್ಷಣಕ್ಕೆ ಓಣಿಯ ತುದಿಯಲ್ಲಿ ಡಿಜೆ ಗಾಡಿ ತಿರುಗುತ್ತದೆ. ಕಿಟಕಿಯ ಗಾಜು ಗಡಗಡ ಅನ್ನುತ್ತವೆ, ಕಪಾಟಿನ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಮಗಳು ಪುಸ್ತಕ ಮಡಚಿಟ್ಟು ಗ್ಯಾಲರಿಗೆ ಹೋಗುತ್ತಾಳೆ, ಹೆಂಡತಿ ಅವಳ ಹಿಂದೆ, ಅವ್ವ ಇಬ್ಬರ ಹಿಂದೆ. “ಯಾರದು ಮೆರವಣಿಗಿ?” “ಗೊತ್ತಿಲ್ಲ, ಭಾಳ ಚಂದ ಲೈಟಿಂಗ್ ಮಾಡ್ಯಾರ.”

ಯಾರದಾದರೇನು? ದೇವರು, ಮಹಾತ್ಮ, ಪಕ್ಷ, ಮದುಮಗ, ಈಗಷ್ಟೇ ನಿಗಮವೊಂದರ ಅಧ್ಯಕ್ಷಗಿರಿ ಸಿಕ್ಕ ಮುಖಂಡ, ಮೊದಲ ಹುಟ್ಟುಹಬ್ಬದ ಕೂಸು, ಎಲ್ಲರಿಗೂ ಅದೇ ಗಾಡಿ, ಅದೇ ಧಡ್ ಧಡ್. ಶರಣರು ಹನ್ನೆರಡನೇ ಶತಮಾನದಲ್ಲಿ ಕನಸು ಕಂಡ ಸಮಾನತೆ ಕಲ್ಯಾಣದ ಸೀಮೆಯಲ್ಲಿ ಕೊನೆಗೂ ಬಂದಿದೆ, ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಬಂದಿದೆ.

ಕಾನೂನಿನ ಪುಸ್ತಕದಲ್ಲಿ ಎಲ್ಲ ಅಚ್ಚುಕಟ್ಟಾಗಿದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು ಸದ್ದಿನ ಮಿತಿ 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಧ್ವನಿವರ್ಧಕ ಹಚ್ಚಲು ಲಿಖಿತ ಅನುಮತಿ ಬೇಕು. ಖಾಸಗಿ ಮನೆಯ ಸೌಂಡ್ ಸಿಸ್ಟಮ್ಮಿನ ಸದ್ದು ಗೇಟಿನ ಹತ್ತಿರ ಈ ಮಿತಿಗಿಂತ 5 ಡೆಸಿಬಲ್ಲಿಗಿಂತ ಹೆಚ್ಚು ಏರಬಾರದು. ಸಾರ್ವಜನಿಕ ಜಾಗದ ಧ್ವನಿವರ್ಧಕಕ್ಕೆ ಮಿತಿಗಿಂತ 10 ಹೆಚ್ಚು ಅಥವಾ 75 ಡೆಸಿಬಲ್, ಎರಡರಲ್ಲಿ ಯಾವುದು ಕಡಿಮೆಯೋ ಅದು. ಆ 75 ನೋಡಿ ನನಗೆ ಅಯ್ಯೋ ಅನ್ನಿಸಿತು. ನಮ್ಮ ಮನೆಯ ಮಿಕ್ಸರ್ ಶೇಂಗಾ ಹಿಂಡಿ ಮಾಡುವಾಗಲೇ ಅದನ್ನು ದಾಟಿ ಹೋಗುತ್ತದೆ. ಅಂದರೆ ಕಾಗದದ ಮೇಲೆ ಡಿಜೆಗಿಂತ ನನ್ನ ಹೆಂಡತಿ ದೊಡ್ಡ ಅಪರಾಧಿ. ಇದನ್ನು ಅವಳಿಗೆ ಹೇಳುವ ಧೈರ್ಯ ಯಾವ ಅಧಿಕಾರಿಗೂ ಇರಲಿಕ್ಕಿಲ್ಲ.

ನಮ್ಮಂಥವರಿಗೆ ಡೆಸಿಬಲ್ ಲೆಕ್ಕ ಮಗ್ಗಿಯ ಹಾಗೆ ಬಾಯಿಗೆ ಬರುತ್ತದೆ. ಮನೆಯ ಸಾಧಾರಣ ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 88 ಡೆಸಿಬಲ್ ಬರುತ್ತದೆ. ಒಂದೇ ವ್ಯಾಟು! ನೂರು ವ್ಯಾಟಿನ ಆಂಪ್ಲಿಫೈಯರ್ ತಂದ ನಾವು ಬಹುಪಾಲು ಹೊತ್ತು ಒಂದು ವ್ಯಾಟೂ ಪೂರ್ತಿ ಖರ್ಚು ಮಾಡುವುದಿಲ್ಲ. (ಉಳಿದ ತೊಂಬತ್ತೊಂಬತ್ತು ಯಾಕೆ ಅಂತ ಮನೆಯಲ್ಲಿ ಕೇಳಿದ್ದಾರೆ. ಉತ್ತರ ಹುಡುಕುತ್ತಿದ್ದೇನೆ.) ನನ್ನ ಕೋಣೆಯ 80ಕ್ಕೂ ಗಾಡಿಯ ಮುಂದಿನ 110ಕ್ಕೂ ನಡುವೆ ಬರೀ 30ರ ಅಂತರ ಅಂತ ಕಾಣುತ್ತದೆ, ಆದರೆ ಹತ್ತು ಡೆಸಿಬಲ್ ಏರಿದರೆ ಶಕ್ತಿ ಹತ್ತು ಪಟ್ಟು, ಮೂವತ್ತು ಏರಿದರೆ ಸಾವಿರ ಪಟ್ಟು. 85 ಡೆಸಿಬಲ್ ಇದ್ದರೆ ದಿನಕ್ಕೆ ಎಂಟು ತಾಸು ತಡೆಯಬಹುದು, ಆಮೇಲೆ ಪ್ರತಿ 3 ಏರಿದಾಗಲೂ ಹೊತ್ತು ಅರ್ಧಕ್ಕಿಳಿಯುತ್ತದೆ ಅನ್ನೋದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಹಾಗೆ ನೋಡಿದರೆ 100ಕ್ಕೆ ಕಾಲು ತಾಸು, 110ಕ್ಕೆ ಒಂದೂವರೆ ನಿಮಿಷ. ಜಗತ್ ಸರ್ಕಲ್ ಬಿಟ್ಟ ಮೆರವಣಿಗೆ ಸೂಪರ್ ಮಾರ್ಕೆಟ್ ಮುಟ್ಟುವ ಹೊತ್ತಿಗೆ ಅದರ ಮುಂದೆ ಕುಣಿದ ಹುಡುಗರು ಎಷ್ಟು ಜನ್ಮದ ಕೋಟಾ ಮುಗಿಸಿರುತ್ತಾರೋ, ಮಗ್ಗಿ ಬಲ್ಲವರು ಹೇಳಲಿ.

ಹಬ್ಬಕ್ಕೆ ಮುಂಚೆ ಶಾಂತಿ ಸಭೆ ನಡೆಯುತ್ತದೆ. ಚಹಾ, ಬಿಸ್ಕೀಟು. ‘ಡಿಜೆಗೆ ಅವಕಾಶವಿಲ್ಲ’ ಎಂದು ಖಡಕ್ಕಾಗಿ ಹೇಳಲಾಗುತ್ತದೆ, ಮರುದಿನ ಪೇಪರಿನಲ್ಲಿ ಬರುತ್ತದೆ. ಹಬ್ಬದ ದಿನ ಗಾಡಿ ಬರುತ್ತದೆ. ಅದಕ್ಕೆ ದಾರಿ ಬಿಡಿಸಲು ಮುಂದೊಬ್ಬರು, ಹಿಂದಿಬ್ಬರು ಪೊಲೀಸರು ಇರುತ್ತಾರೆ. ಮೂವರ ಕಿವಿಯಲ್ಲೂ ಹತ್ತಿ. ವ್ಯವಸ್ಥೆಗೆ ಏನೂ ಕೇಳಿಸುವುದಿಲ್ಲ ಅಂತ ದೂರುವವರು ಆ ಹತ್ತಿಯನ್ನೊಮ್ಮೆ ನೋಡಬೇಕು. ಕೇಳಿಸುತ್ತದೆ, ಚೆನ್ನಾಗಿಯೇ ಕೇಳಿಸುತ್ತದೆ.

ನಾವಾದರೋ ಸದ್ದು ಹೊರಗೆ ಹೋಗದಂತೆ, ಒಳಗೆ ಗೋಜಲಾಗದಂತೆ ಒದ್ದಾಡುತ್ತೇವೆ. ಈ ಕಡೆಯ ಮನೆಗಳಿಗೆ ನೆಲ ಶಹಾಬಾದಿ ಪರಸಿ ಕಲ್ಲಿನದು. ಬೇಸಿಗೆಯಲ್ಲಿ ಕಾಲಿಗೆ ತಂಪು, ವರ್ಷವಿಡೀ ಕಿವಿಗೆ ಶತ್ರು. ಬಿದ್ದ ಸದ್ದನ್ನೆಲ್ಲ ಹಾಗೆ ಹಾಗೇ ವಾಪಸ್ ಎಸೆಯುತ್ತದೆ. ವಿದೇಶಿ ಫೋಮ್ ಹಾಳೆಯ ಬೆಲೆ ನೋಡಿ, ಅವ್ವನ ಟ್ರಂಕಿನಿಂದ ದಪ್ಪನೆಯ ಕೌದಿ ತೆಗೆದು ಸ್ಪೀಕರಿನ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಆರೇಳು ಪದರದ ಹಳೆ ಸೀರೆ, ಒತ್ತೊತ್ತು ಹೊಲಿಗೆ. ತಾಳದ ಝಣಝಣ ಎಷ್ಟು ಚೆಂದ ಕಡಿಮೆಯಾಯಿತೆಂದರೆ ಕೌದಿಯನ್ನು ರಫ್ತು ಮಾಡಬೇಕು ಅನ್ನಿಸಿತು. ಅವ್ವ ನೋಡಿದಳು. “ಹೊಚ್ಚಿಕೊಳ್ಳೂ ಕೌದಿ ಗ್ವಾಡಿಗಿ ಹೊಚ್ಚ್ಯಾನ. ಗ್ವಾಡಿಗಿ ಥಂಡಿ ಹತ್ತಿತ್ತೇನೋ ಯಪ್ಪಾ?” ಮರುದಿನ ಕೌದಿ ಟ್ರಂಕಿಗೆ ಹೋಯಿತು. ಮೊಳೆಗೆ ಈಗ ಕ್ಯಾಲೆಂಡರ್ ಇದೆ.

ಉಳಿದದ್ದು ರಾತ್ರಿ. ಹತ್ತರ ಮೇಲೆ ಎಲ್ಲರೂ ಮಲಗಿದಾಗ ಸಣ್ಣಗೆ ಹಚ್ಚಿದರಾಯಿತು ಅಂದುಕೊಂಡರೆ ಏಪ್ರಿಲ್ ಬಂದಿರುತ್ತದೆ. ಬಿಸಿಲು 42, 43 ಮುಟ್ಟಿದ ಊರಲ್ಲಿ ರಾತ್ರಿಯೂ ಕೂಲರ್ ಬೇಕೇ ಬೇಕು, ಕೂಲರ್ ತಿರುಗಿತೆಂದರೆ ತಂಬೂರಿ ಮುಳುಗಿತು. ಕೂಲರ್ ಬಂದ್ ಮಾಡಿ ಬನಿಯನ್ ಒದ್ದೆ ಮಾಡಿಕೊಂಡು ಕೂತ ಒಂದು ರಾತ್ರಿ, ಆಲಾಪ ಮಂದ್ರಕ್ಕಿಳಿಯುವ ಹೊತ್ತಿಗೆ ಪಕ್ಕದ ಮನೆಯ ಕಾಕಾ ಬಾಗಿಲು ಬಡಿದರು.

“ಏನ್ ತಮ್ಮಾ, ಇಷ್ಟೊತ್ತಿನ್ಯಾಗ? ಮಂದಿ ಮಲಗ್ಬೇಕೋ ಬ್ಯಾಡೋ? ನನಗ ಬೀಪಿ ಅದ.”

ಕೈ ಮುಗಿದು ಬಂದ್ ಮಾಡಿದೆ. ಇದೇ ಕಾಕಾ ಹಿಂದಿನ ವಾರ ಓಣಿಯ ಮೆರವಣಿಗೆಯಲ್ಲಿ ಬೇಸ್ ಬಾಕ್ಸಿನ ಮುಂದೆ ಶಾಲು ತಿರುಗಿಸುತ್ತಾ ಕುಣಿದಿದ್ದರು. ಆವತ್ತು ಬೀಪಿಗೆ ರಜೆ. ಆ ಡಿಜೆ ಬಾಡಿಗೆಯ ಚಂದಾ ವಸೂಲಿಗೆ ಬಂದವರೂ ಅವರೇ. ಐದು ನೂರು ಕೊಟ್ಟಿದ್ದೆ. ಅದೇ ದುಡ್ಡಿಗೆ ನಾನು ಎರಡು ಮೀಟರ್ ಸ್ಪೀಕರ್ ವೈರ್ ತಂದಿದ್ದರೆ ನಮ್ಮ ಮನೆಯಲ್ಲಿ ವಿಚಾರಣಾ ಆಯೋಗ ಕೂಡುತ್ತಿತ್ತು.

ಹಾಗಾಗಿ ದಾರಿ ಬದಲಿಸೋಣ ಅಂತ ಗಾಡಿ ಬಾಡಿಗೆ ಕೊಡುವ ಹುಡುಗನ ಹತ್ತಿರ ಹೋದೆ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ನನ್ನವೇ ಎರಡು ಸ್ಪೀಕರ್ ಇಡುತ್ತೇನೆ, ಒಂದು ಹಾರ ಹಾಕುತ್ತೇನೆ, ಖಯಾಲ್ ಹಚ್ಚಿಕೊಂಡು ರಿಂಗ್ ರೋಡ್ ಒಂದು ಸುತ್ತು ಹಾಕಿದರೆ ಯಾರೂ ಬಾಗಿಲು ಬಡಿಯಲಿಕ್ಕಿಲ್ಲ ಅಂದೆ. ಅವನು ನನ್ನ ಮೊಬೈಲಿನಲ್ಲೇ ಎರಡು ನಿಮಿಷ ಆಲಾಪ ಕೇಳಿದ. ತಾಳ್ಮೆಯ ಹುಡುಗ.

“ಸರ್, ಬೀಟ್ ಯಾವಾಗ ಬರ್ತದ?”

“ಬರೂದಿಲ್ಲಪ್ಪಾ. ಇದು ಹಿಂಗೇ ಇರ್ತದ.”

“ಹಂಗಿದ್ರ ಕಷ್ಟ ಅದ ನೋಡ್ರಿ” ಅಂದ ಅವನು, ಮೊಬೈಲ್ ವಾಪಸ್ ಕೊಡುತ್ತಾ. “ಇಂಥಾದ್ದು ರಸ್ತೇಕ ಹಚ್ಚಿದ್ರ ಮಂದಿ ಕಂಪ್ಲೇಂಟ್ ಕೊಡ್ತಾರ.”