ಅಡುಗೆಮನೆ ಎಂದು ಬರೆದರೆ ಸಾಕೇ?

ಕಲಬುರಗಿಯ ಅಗ್ಗದ ಲಾಡ್ಜ್‌ನಲ್ಲಿ ‘ಸ್ವಂತ ಅಡುಗೆಮನೆ’ಯ ಆಸೆ ತೋರಿಸಿ ಹೆಚ್ಚು ಬಾಡಿಗೆ ಕಿತ್ತರು. ಒಳಗೆ ನೋಡಿದರೆ ಇಂಡಕ್ಷನ್ ಒಲೆ, ಅದರ ಪಕ್ಕ ಬರೀ ಅಲ್ಯೂಮಿನಿಯಂ ಪಾತ್ರೆಗಳು! ಅಯಸ್ಕಾಂತ ಹಿಡಿಯದ ತಳವನ್ನು ಆ ಒಲೆ ಕಾಯಿಸುವುದೇ ಇಲ್ಲ. ಇಷ್ಟನ್ನೂ ತಿಳಿಯದೆ ಹೇಗೆ ಬಾಡಿಗೆಗೆ ಕೊಡುತ್ತಾರೆ?

ಆಸ್ಪತ್ರೆಯಲ್ಲಿರುವ ಅತ್ತೆಯವರಿಗೆ ಖಾರವಿಲ್ಲದ ಬೇಳೆಕಟ್ಟು, ಮೆತ್ತಗಿನ ಅನ್ನ ಒಯ್ಯಬೇಕೆಂದೇ ಈ ಕೋಣೆ ಹಿಡಿದದ್ದು. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅದೇ ಊರಿನಲ್ಲಿ ಒಂದು ಹಿಡಿ ಬೇಳೆ ಬೇಯಿಸಲು ಗತಿಯಿಲ್ಲ! ಕುಕ್ಕರ್ ಕೇಳಿದರೆ ‘ಖಾನಾವಳಿಯಿಂದ ತರಿಸಿಕೊಳ್ಳಿ’ ಎನ್ನುತ್ತಾರೆ ಮ್ಯಾನೇಜರ್. ಖಾನಾವಳಿಯ ಖಾರ ರೋಗಿಗೆ ಆಗುತ್ತದೆಯೇ? ಜೋಳದ ರೊಟ್ಟಿಯ ಮಾತು ಬಿಡಿ, ಅದಕ್ಕೆ ಬೆಂಕಿಯೇ ಬೇಕು. ಗಂಜಿಗಾದರೂ ಆ ಒಲೆಗೆ ಒಗ್ಗುವ ಒಂದು ಪಾತ್ರೆ ಇಡಬಾರದೇ?